ದೂರ ಹೆಚ್ಚು, ಹೊತ್ತು ಕಡಿಮೆ!

ಮಗನೋ ಮಗಳೋ ಅಮೆರಿಕೆಯಲ್ಲಿ ನೆಲೆಸಿರುವ ಮನೆಗಳು ಬೆಂಗಳೂರಿನ ಎಲ್ಲ ಬಡಾವಣೆಗಳಲ್ಲಿಯೂ ಉಂಟು. ಮೊಮ್ಮಗುವನ್ನು ನೋಡಲೆಂದು ಮೊದಲ ಬಾರಿಗೆ ವಿಮಾನವೇರಲಿರುವ ಅಜ್ಜಿಯನ್ನು ನೆರೆಹೊರೆಯವರು ಕೇಳುವುದು ಎರಡೇ ಪ್ರಶ್ನೆ: ‘ಅಲ್ಲಿಗೆ ಎಷ್ಟು ದೂರ? ಎಷ್ಟು ಹೊತ್ತಿನ ಪ್ರಯಾಣ?’ ದೂರ ತಿಳಿದರೆ ಹೊತ್ತೂ ತಿಳಿದಂತೆಯೇ ಎಂಬುದು ನಮ್ಮೆಲ್ಲರ ನಂಬಿಕೆ. ಆದರೆ ಆಕಾಶಮಾರ್ಗದ ಲೆಕ್ಕವೇ ಬೇರೆ.

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ ನಗರಕ್ಕೆ ನೇರ ದೂರ ಸುಮಾರು 14,000 ಕಿಲೋಮೀಟರ್. ಗೋಡೆಯ ನಕ್ಷೆಯಲ್ಲಿ ಗೆರೆಯೆಳೆದರೆ ಅದು ಪೂರ್ವಾಭಿಮುಖವಾಗಿ ಶಾಂತಸಾಗರವನ್ನು ಹಾಯ್ದುಹೋಗುತ್ತದೆ. ಆದರೆ ಭೂಮಿ ಕಾಗದದಂತೆ ಚಪ್ಪಟೆಯಲ್ಲವಷ್ಟೆ! ಮಕ್ಕಳು ಓದುವ ಭೂಗೋಳದ ಗುಂಡಿನ ಮೇಲೆ ಈ ಎರಡು ಊರುಗಳ ನಡುವೆ ದಾರವೊಂದನ್ನು ಬಿಗಿಯಾಗಿ ಎಳೆದು ನೋಡಿ. ಅದು ಉತ್ತರಕ್ಕೆ ಸಾಗಿ, ಟಿಬೆಟ್, ಸೈಬೀರಿಯಗಳನ್ನು ದಾಟಿ, ಆರ್ಕ್ಟಿಕ್ ಸಾಗರದ ಅಂಚನ್ನು ಸವರಿ, ಅಲಾಸ್ಕದ ಮೇಲೆ ಹಾದು ಕ್ಯಾಲಿಫೋರ್ನಿಯಕ್ಕೆ ಇಳಿಯುತ್ತದೆ. ಅದೇ ಅತಿ ಹತ್ತಿರದ ದಾರಿ.

ಆದರೂ ವಿಮಾನ ಈ ದಾರದ ಜಾಡನ್ನೇ ಹಿಡಿಯುವುದಿಲ್ಲ. ಒಳಗಿನ ಗಾಳಿಯ ಒತ್ತಡ ಕುಸಿದರೆ ಚಾಲಕರು ವಿಮಾನವನ್ನು ಬೇಗನೆ 10,000 ಅಡಿಗಳ ಎತ್ತರಕ್ಕೆ ಇಳಿಸಬೇಕಾಗುತ್ತದೆ. ಟಿಬೆಟ್ ಪ್ರಸ್ಥಭೂಮಿಯ ಬಹುಭಾಗದಲ್ಲಿ ನೆಲವೇ 14,000 ಅಡಿಗಳಿಗೂ ಮಿಗಿಲಾದ ಎತ್ತರದಲ್ಲಿದೆ! ಆದುದರಿಂದ ವಿಮಾನಗಳು ಸಾಮಾನ್ಯವಾಗಿ ಅದನ್ನು ಬಳಸಿಕೊಂಡು ಹೋಗುತ್ತವೆ.

ಇನ್ನೊಂದು ಕಾರಣ ಗಾಳಿ. ಮೂವತ್ತು ನಲವತ್ತು ಸಾವಿರ ಅಡಿಗಳ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಪ್ರಬಲವಾದ ವಾಯುಪ್ರವಾಹಗಳು ಹರಿಯುತ್ತವೆ. ಕೆಲವೊಮ್ಮೆ ಅವುಗಳ ವೇಗ ಗಂಟೆಗೆ 200 ಕಿಲೋಮೀಟರನ್ನು ಮೀರುವುದುಂಟು. ಪೂರ್ವಕ್ಕೆ ಹೋಗುವ ವಿಮಾನಕ್ಕೆ ಅದು ಬೆನ್ನು ತಟ್ಟುವ ಗೆಳೆಯ. ಪಶ್ಚಿಮಕ್ಕೆ ಹೊರಟದ್ದಕ್ಕೆ ಎದೆಗೊಡ್ಡಿ ನಿಲ್ಲುವ ಎದುರಾಳಿ.

2016ರ ಅಕ್ಟೋಬರಿನಲ್ಲಿ ಏರ್ ಇಂಡಿಯಾ ಸಂಸ್ಥೆ ದಿಲ್ಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗುವ ತನ್ನ ವಿಮಾನವನ್ನು ಅಟ್ಲಾಂಟಿಕ್ ಮಾರ್ಗದಿಂದ ಶಾಂತಸಾಗರದ ಮಾರ್ಗಕ್ಕೆ ತಿರುಗಿಸಿತು. ದೂರ 13,900 ಕಿಲೋಮೀಟರಿನಿಂದ 15,300ಕ್ಕೆ ಏರಿತು. ಆದರೆ ಗಾಳಿ ಬೆನ್ನ ಹಿಂದಿದ್ದುದರಿಂದ ವಿಮಾನ ಸುಮಾರು ಹದಿನಾಲ್ಕೂವರೆ ಗಂಟೆಗಳಲ್ಲಿ, ಹಿಂದಿಗಿಂತ ಬೇಗನೆ, ಗುರಿ ಸೇರಿತು!

ಮರಳಿ ಬರುವಾಗ ಇದೇ ಗಾಳಿ ಎದುರಾಗುತ್ತದೆ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಆ ಸಂಸ್ಥೆಯ ಮೊದಲ ತಡೆರಹಿತ ವಿಮಾನ ಬಂದದ್ದು ಉತ್ತರಧ್ರುವ ಪ್ರದೇಶದ ಮೇಲಿನ ಹಾದಿಯಿಂದ. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಅವರ ನಾಯಕತ್ವದಲ್ಲಿ ಅದನ್ನು ನಡೆಸಿದವರೆಲ್ಲರೂ ಮಹಿಳೆಯರೇ ಎಂಬುದು ನಮಗೆ ಹೆಮ್ಮೆಯ ಸಂಗತಿ. ಸುಮಾರು 16,000 ಕಿಲೋಮೀಟರ್ ಹಾದಿಗೆ ಹಿಡಿದದ್ದು ಹದಿನೇಳು ಗಂಟೆ.

ಆ ವಿಮಾನ ಹೊರಟದ್ದು ಅಲ್ಲಿನ 9ನೆಯ ತಾರೀಖಿನ ರಾತ್ರಿ. ಬೆಂಗಳೂರಿನಲ್ಲಿ ಇಳಿದದ್ದು 11ನೆಯ ತಾರೀಖಿನ ನಸುಕಿನಲ್ಲಿ. ಹದಿನೇಳು ಗಂಟೆಗೆ ಎರಡು ತಾರೀಖು ಸರಿದದ್ದು ಹೇಗೆ? ಚಳಿಗಾಲದಲ್ಲಿ ನಮ್ಮ ಗಡಿಯಾರ ಅಲ್ಲಿನದಕ್ಕಿಂತ ಹದಿಮೂರೂವರೆ ಗಂಟೆ ಮುಂದಿರುತ್ತದೆ, ಬೇಸಗೆಯಲ್ಲಿ ಹನ್ನೆರಡೂವರೆ. ಟಿಕೆಟಿನಲ್ಲಿ ಹೊರಡುವ ವೇಳೆ ಆ ಊರಿನದು, ತಲುಪುವ ವೇಳೆ ಈ ಊರಿನದು.

ಆದುದರಿಂದ ವಯಸ್ಸಾದವರನ್ನು ಕಳುಹಿಸುವವರು ಕಿಲೋಮೀಟರುಗಳನ್ನು ಎಣಿಸುವುದಕ್ಕಿಂತ, ಕುಳಿತಿರಬೇಕಾದ ಗಂಟೆಗಳೆಷ್ಟೆಂದು ವಿಚಾರಿಸುವುದು ಮೇಲು. ಕರೆತರಲು ಹೋಗುವವರಾದರೋ ಗಂಟೆಯ ಜೊತೆಗೆ ತಾರೀಖನ್ನೂ ಮತ್ತೊಮ್ಮೆ ನೋಡಿಕೊಳ್ಳಲಿ. ಒಂದು ದಿನ ಮೊದಲೇ ಹೋಗಿ ಕಾದರೆ ಕಾಲು ನೋವಷ್ಟೇ. ಒಂದು ದಿನ ತಡವಾಗಿ ಹೋದರೆ ದಣಿದು ಬಂದವರು ಮನೆಯವರಿಗಾಗಿ ಕಾಯಬೇಕಾದೀತು.