ಕಾಕಾರ ಗ್ರೂಪ್‌ನಾಗ ಬರೀ ಗುಡ್ ಮಾರ್ನಿಂಗ್ ಇಲ್ಲ: ನೌಕಾಪಡೆಯ ಕೋರ್ಸ್‌ಮೇಟ್‌ಗಳು ವಯಸ್ಸಾದ ಮೇಲೆ ಏನು ಮಾಡ್ತಾರ?

ಇವತ್ತು ಚಂದಾಪುರದಿಂದ ಮಾತಾಡ್ಲಿಕತ್ತೀನಿ. ಇಲ್ಲಿ ನಮಗೆ ನೀರು ಅಂದ್ರ ಮುಲ್ಲಾಮಾರಿ ನದಿ, ಬಹಳ ಅಂದ್ರ ಚಂದ್ರಂಪಳ್ಳಿ ಡ್ಯಾಮ್. ಕಾರವಾರದ ಸಮುದ್ರ ನೋಡಬೇಕಂದ್ರ ರಸ್ತೆಯಲ್ಲಿ 500 ಕಿಲೋಮೀಟರ್ ದಾಟಬೇಕು. ಆದರೂ ಇವತ್ತಿನ ವಿಷಯ ನೌಕಾಪಡೆ.

ನಮ್ಮ ಓಣಿಯಾಗ ಒಬ್ಬ ಕಾಕಾ ಇದ್ದಾರ. ವಯಸ್ಸು ಎಪ್ಪತ್ತರ ಹತ್ತಿರ. ನೌಕಾಪಡೆಯಲ್ಲಿ ಅಧಿಕಾರಿಯಾಗಿದ್ದವರು, ಈಗ ತೊಗರಿ ಹೊಲ ನೋಡಿಕೊಂಡಿದ್ದಾರೆ. ಅವರ ಫೋನ್ ಮಾತ್ರ ದಿನವಿಡೀ ಟಣ್ ಟಣ್ ಅಂತಿರುತ್ತದೆ. ಎಲ್ಲಾ ಒಂದೇ ಗ್ರೂಪಿನ ಮೆಸೇಜು, ಅಕಾಡೆಮಿಯ ಕೋರ್ಸ್‌ಮೇಟ್‌ಗಳದ್ದು. ಹೂವಿನ ಫೋಟೋ, ಹಳೇ ಜೋಕು, ಬಿ.ಪಿ. ಗುಳಿಗಿ ಮಾತು. ನಾನೂ ನೋಡಿ ನಗ್ತಿದ್ದೆ.

ಒಂದು ರಾತ್ರಿ ಆ ಗ್ರೂಪಿಗೆ ಒಂದೇ ಸಾಲಿನ ಮೆಸೇಜ್ ಬಂತು. ಪುಣೆಯಲ್ಲಿದ್ದ ಒಬ್ಬ ಕೋರ್ಸ್‌ಮೇಟ್ ತೀರಿಕೊಂಡಿದ್ದರು. ಬೆಳಿಗ್ಗೆ ನಾನು ಹೋದಾಗ ಕಾಕಾ ನೋಟ್‌ಬುಕ್ ಹಿಡಿದು ಕೂತಿದ್ದರು. ಪುಣೆಯಲ್ಲಿರೋ ಇಬ್ಬರು ರಾತ್ರಿಯೇ ಆಸ್ಪತ್ರೆಗೆ ಹೋಗಿದ್ದರು. ಒಬ್ಬರು ವಿದೇಶದಲ್ಲಿರೋ ಮಗನ ಜೊತೆ ಫೋನಿನಲ್ಲಿದ್ದರು. ಕಾಕಾನ ಪಾಲಿಗೆ ಬಂದದ್ದು ಕಾಗದದ ಕೆಲಸ. ತೀರಿಕೊಂಡವರ ಹೆಂಡತಿಯ ಹೆಸರು ಪಿಂಚಣಿ ಆದೇಶದಾಗ ಒಂದು ರೀತಿ, ಆಧಾರ್‌ನಾಗ ಇನ್ನೊಂದು ರೀತಿ ಇತ್ತು. ಕಾಕಾ ಚಂದಾಪುರದ ಕಟ್ಟಿ ಮೇಲೆ ಕೂತು ಅದನ್ನ ಹೆಂಗ ಸರಿ ಮಾಡಿಸೋದು ಅಂತ ಬರೀತಿದ್ದರು.

ನಾನು ಬಿ.ಕಾಂ. ಓದಿದವನು, ಎಲ್ಲಾದಕ್ಕೂ ಲೆಕ್ಕ ಹಾಕೋ ಚಟ. ಪಾಲಿಸಿ ನಂಬರ್ ಇಲ್ಲದ ವಿಮೆ ಇದು ಅನ್ನಿಸ್ತು. ಆದರೆ ಈ ವಿಮೆಗೆ ಒಂದು ಷರತ್ತು ಅದ. ಅದನ್ನ ಕೊನೆಗೆ ಹೇಳ್ತೀನಿ.

ಕೋರ್ಸ್‌ಮೇಟ್ ಅಂದ್ರ ಯಾರು?

ಕಾಲೇಜಿನ ಕ್ಲಾಸ್‌ಮೇಟ್ ಬೇರೆ, ಇದು ಬೇರೆ. ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಅಂದ್ರ ಎನ್‌ಡಿಎ ಅದ. ಭೂಸೇನೆ, ನೌಕಾಪಡೆ, ವಾಯುಪಡೆ ಮೂರಕ್ಕೂ ಹೋಗೋ ಹುಡುಗರು 3 ವರ್ಷ ಅಲ್ಲಿ ಒಟ್ಟಿಗೇ ಕಲೀತಾರ. ಪ್ರತಿ ತಂಡಕ್ಕೂ ಒಂದು ಕ್ರಮಸಂಖ್ಯೆ. ಆ ಸಂಖ್ಯೆ ಜೀವನಪೂರ್ತಿ ಅಂಟಿಕೊಂಡಿರುತ್ತದೆ. ಇಬ್ಬರು ನಿವೃತ್ತ ಅಧಿಕಾರಿಗಳು ಮೊದಲ ಸಲ ಭೇಟಿಯಾದರೆ ಊರು ಕೇಳೋಕಿಂತ ಮೊದಲೇ ಯಾವ ಕೋರ್ಸ್ ಅಂತ ಕೇಳ್ತಾರ.

ನೌಕಾಪಡೆಗೆ ಆಯ್ಕೆಯಾದವರು ಎನ್‌ಡಿಎ ಮುಗಿಸಿ ಈಗ ಎಳಿಮಲದ ಭಾರತೀಯ ನೌಕಾ ಅಕಾಡೆಮಿಗೆ ಹೋಗ್ತಾರ. ಕಾಸರಗೋಡು ಜಿಲ್ಲೆ ದಾಟಿದ ಕೂಡಲೇ ಸಿಗುವ ಕಣ್ಣೂರು ಜಿಲ್ಲೆಯಲ್ಲಿ ಅದು ಇದೆ, ಉದ್ಘಾಟನೆ ಆದದ್ದು 2009ರ ಜನವರಿ 8ರಂದು. ಅದಕ್ಕಿಂತ ಮೊದಲು ನೌಕಾ ಅಕಾಡೆಮಿ ಕೊಚ್ಚಿಯಲ್ಲಿತ್ತು, ಆಮೇಲೆ ಗೋವಾದಲ್ಲಿತ್ತು.

ನಮ್ಮ ಕಡೆಯ ಹುಡುಗರಿಗೆ ಈ ದಾರಿ ಬಹಳ ಸಲ ವಿಜಯಪುರದಿಂದ ಶುರುವಾಗುತ್ತದೆ. ಅಲ್ಲಿನ ಸೈನಿಕ ಶಾಲೆ 1963ರಲ್ಲಿ ಆರಂಭವಾಯಿತು. ಆರನೇ ಕ್ಲಾಸಿಗೆ ಸೇರಿದ ಹುಡುಗ ಅಲ್ಲಿಂದ ಎನ್‌ಡಿಎಗೆ ಹೋದರೆ, ಹತ್ತು ವರ್ಷ ಅವನ ಪಕ್ಕದ ಮಂಚದಲ್ಲಿ ಮಲಗಿದವರೇ ಅವನ ಮನೆಯವರು. ಒಬ್ಬ ತಪ್ಪು ಮಾಡಿದ್ರ ಎಲ್ಲರಿಗೂ ಶಿಕ್ಷೆ. ಕಾಕಾ ಹೇಳೋ ಪ್ರಕಾರ ಗೆಳೆತನ ಹುಟ್ಟೋದು ಅಲ್ಲೇ, ಎಲ್ಲರೂ ಸೇರಿ ಒಬ್ಬನ ತಪ್ಪಿಗೆ ಓಡುವಾಗ.

ಒಂದೇ ಸಾಲಿನಿಂದ ಹೊರಟವರು

ಈ ಗೆಳೆತನದಾಗ ಒಂದು ಮುಳ್ಳೂ ಅದ. ಒಂದೇ ಕೋರ್ಸಿನವರು ಒಂದೇ ಸಾಲಿನಿಂದ ಓಟ ಶುರು ಮಾಡ್ತಾರ, ಆದರೆ ಮೇಲೆ ಹೋದಂಗ ಜಾಗ ಕಡಿಮೆ. ಒಬ್ಬ ಅಡ್ಮಿರಲ್ ಆಗ್ತಾನ, ಅವನ ರೂಮಿನಲ್ಲಿದ್ದವನು ಕಮಾಂಡರ್ ಆಗಿಯೇ ನಿವೃತ್ತಿಯಾಗ್ತಾನ.

ಎತ್ತರಕ್ಕೆ ಹೋದವರ ಕಥೆ ನಮಗೆ ಸುದ್ದಿಯಲ್ಲಿ ಸಿಗುತ್ತದೆ. 2019ರ ಕೊನೆಯ ದಿನ ಜನರಲ್ ಮನೋಜ್ ನರವಣೆ ಭೂಸೇನೆಯ ಮುಖ್ಯಸ್ಥರಾದರು. ಆಗ ನೌಕಾಪಡೆಯಲ್ಲಿ ಅಡ್ಮಿರಲ್ ಕರಂಬೀರ್ ಸಿಂಗ್, ವಾಯುಪಡೆಯಲ್ಲಿ ಏರ್ ಚೀಫ್ ಮಾರ್ಷಲ್ ಭದೌರಿಯಾ ಇದ್ದರು. ಮೂವರೂ ಎನ್‌ಡಿಎಯ 56ನೇ ಕೋರ್ಸಿನವರು. 2024ರಲ್ಲಿ ನೌಕಾಪಡೆಗೆ ಅಡ್ಮಿರಲ್ ದಿನೇಶ್ ತ್ರಿಪಾಠಿ, ಭೂಸೇನೆಗೆ ಜನರಲ್ ಉಪೇಂದ್ರ ದ್ವಿವೇದಿ ಮುಖ್ಯಸ್ಥರಾದರು. ಅವರಿಬ್ಬರೂ ಮಧ್ಯಪ್ರದೇಶದ ರೇವಾ ಸೈನಿಕ ಶಾಲೆಯಲ್ಲಿ ಒಂದೇ ಕ್ಲಾಸಿನಲ್ಲಿ ಓದಿದವರು.

ಅದೇ ಕೋರ್ಸಿನ ಉಳಿದವರ ಹೆಸರು ನಮಗೆ ಗೊತ್ತೇ ಇಲ್ಲ. ಬಡ್ತಿ ಸಿಗದ ದಿನ ಗೆಳೆಯನ ಬಡ್ತಿಗೆ ಅಭಿನಂದನೆ ಹೇಳೋದು ಸುಲಭ ಅಲ್ಲ. ಕಾಕಾ ಎರಡು ವರ್ಷ ಒಬ್ಬ ಗೆಳೆಯನಿಗೆ ಫೋನ್ ಮಾಡಲಿಲ್ಲವಂತೆ. ನಿವೃತ್ತಿಯಾದ ಮೇಲೆ ಆ ಗೆಳೆಯನೇ ಮಾಡಿದ. ಈಗ ಗ್ರೂಪಿನಲ್ಲಿ ಯಾರೂ ಯಾರಿಗೂ ಸರ್ ಅನ್ನೋದಿಲ್ಲ, ಅಕಾಡೆಮಿಯಲ್ಲಿ ಇಟ್ಟ ಅಡ್ಡಹೆಸರೇ ನಡೀತದ.

ಸುದ್ದಿಗೂ ವಯಸ್ಸಾಗ್ತದ

ಕಾಕಾ ಒಂದು ಮಾತು ಹೇಳಿದರು, ನನಗೆ ಬಹಳ ಹಿಡಿಸ್ತು. ಮೂವತ್ತರಾಗ ಗ್ರೂಪಿನ ಸುದ್ದಿ ಅಂದ್ರ ಮದುವೆ, ಮಕ್ಕಳು. ನಲವತ್ತರಾಗ ಬಡ್ತಿ. ಐವತ್ತರಾಗ ನಿವೃತ್ತಿ, ಹೊಸ ಮನೆ. ಅರವತ್ತರಾಗ ಮೊಮ್ಮಕ್ಕಳು, ಬೈಪಾಸ್. ಆಮೇಲೆ ಬರೋ ಸುದ್ದಿ ಯಾವುದು ಅಂತ ಅವರು ಹೇಳಲಿಲ್ಲ.

ಪ್ರತಿ ಡಿಸೆಂಬರ್ 4ಕ್ಕೆ ನೌಕಾಪಡೆ ದಿನ. 1971ರಲ್ಲಿ ಆ ರಾತ್ರಿ ನಮ್ಮ ಹಡಗುಗಳು ಕರಾಚಿ ಬಂದರಿನ ಮೇಲೆ ದಾಳಿ ಮಾಡಿದವು. ಅವತ್ತು ಗ್ರೂಪಿನಲ್ಲಿ ಹಬ್ಬ. 5 ದಿನ ಬಿಟ್ಟು ಡಿಸೆಂಬರ್ 9ಕ್ಕೆ ಗ್ರೂಪ್ ತಣ್ಣಗಾಗುತ್ತದೆ. 1971ರ ಆ ದಿನ ಐಎನ್‌ಎಸ್ ಖುಕ್ರಿ ಮುಳುಗಿತು, 18 ಅಧಿಕಾರಿಗಳು, 176 ನಾವಿಕರು ಹೋದರು. ಕಾಕಾನಿಗಿಂತ ಹಿರಿಯರು ಅವರು. ಆದರೂ ಯಾರಾದರೂ ಒಬ್ಬರು ಮರೀದೆ ಹಡಗಿನ ಫೋಟೋ ಹಾಕ್ತಾರ.

ಕಾಗದದ ಲೆಕ್ಕ

ಈಗ ನನ್ನ ಸಬ್ಜೆಕ್ಟಿಗೆ ಬರ್ತೀನಿ. ನಿವೃತ್ತ ಅಧಿಕಾರಿ ಅಥವಾ ನಾವಿಕ ತೀರಿಕೊಂಡರೆ ಪಿಂಚಣಿ ನಿಂತು, ಸಂಗಾತಿಗೆ ಕುಟುಂಬ ಪಿಂಚಣಿ ಶುರುವಾಗಬೇಕು. ಸಾಮಾನ್ಯ ದರ ಕೊನೆಯ ವೇತನದ ಶೇ 30. ತೀರಿಕೊಂಡ ದಿನದಿಂದ 7 ವರ್ಷದವರೆಗೆ ಅಥವಾ ಬದುಕಿದ್ದರೆ ಅವರಿಗೆ 67 ವರ್ಷ ತುಂಬುತ್ತಿದ್ದ ದಿನದವರೆಗೆ, ಯಾವುದು ಮೊದಲೋ ಅಲ್ಲಿತನಕ ಹೆಚ್ಚಿನ ದರ ಇರುತ್ತದೆ. ಸಂಗಾತಿಗೆ 80 ತುಂಬಿದರೆ ಶೇ 20 ಹೆಚ್ಚುವರಿ ಸಿಗುತ್ತದೆ, ಆಮೇಲೆ ವಯಸ್ಸಿನ ಜೊತೆ ಅದೂ ಏರುತ್ತದೆ.

ಇಲ್ಲೇ ಒಂದು ಗುಂಡಿ ಅದ. ಹಳೇ ಪಿಂಚಣಿ ಆದೇಶಗಳಲ್ಲಿ ಹೆಂಡತಿಯ ಹುಟ್ಟಿದ ದಿನಾಂಕ ಇಲ್ಲದಿರಬಹುದು, ಹೆಸರಿನ ಸ್ಪೆಲ್ಲಿಂಗ್ ಬೇರೆ ಇರಬಹುದು. ದಿನಾಂಕ ದಾಖಲಾಗದೆ 80 ತುಂಬಿದ್ದು ಕಂಪ್ಯೂಟರಿಗೆ ಗೊತ್ತಾಗೋದು ಹೆಂಗ? ಅಧಿಕಾರಿ ಬದುಕಿದ್ದಾಗ ಇದು ಸಣ್ಣ ತಿದ್ದುಪಡಿ. ಹೋದ ಮೇಲೆ ಅದೇ ಕೆಲಸಕ್ಕೆ ಒಬ್ಬ ವಯಸ್ಸಾದ ಹೆಣ್ಣುಮಗಳು ಓಡಾಡಬೇಕು.

ಇವತ್ತು ರಕ್ಷಣಾ ಪಿಂಚಣಿ ಸ್ಪರ್ಶ್ ಅನ್ನೋ ಆನ್‌ಲೈನ್ ವ್ಯವಸ್ಥೆಯಲ್ಲಿ ನಡೀತದ. ವರ್ಷಕ್ಕೊಮ್ಮೆ ಜೀವನ ಪ್ರಮಾಣ ಪತ್ರ ಕೊಡಬೇಕು, ಮೊಬೈಲ್‌ನಲ್ಲೇ ಮುಖ ತೋರಿಸಿ ಕೊಡಬಹುದು. ಚಿಕಿತ್ಸೆಗೆ 2003ರ ಏಪ್ರಿಲ್‌ನಿಂದ ಇಸಿಎಚ್‌ಎಸ್ ಯೋಜನೆ ಇದೆ, ಕುಟುಂಬ ಪಿಂಚಣಿ ಪಡೆಯೋ ಸಂಗಾತಿಗೂ ಅದು ಅನ್ವಯ. ಇದೆಲ್ಲಾ ಕಾಕಾನ ಗ್ರೂಪಿನವರಿಗೆ ಬಾಯಿಪಾಠ. ಕಾಕೂಗೆ ಗೊತ್ತೇನು ಅಂತ ನಾನು ಕೇಳಿದೆ. ಕಾಕೂ ನಕ್ಕರು, ಕಾಕಾ ಸುಮ್ಮನಾದರು.

ನಾವಿಕರು, ಅಗ್ನಿವೀರರು

ಇದು ಅಧಿಕಾರಿಗಳ ಕಥೆ ಮಾತ್ರ ಅಲ್ಲ. ಹಳ್ಳಿಯಿಂದ ನಾವಿಕರಾಗಿ ಹೋದವರು ಒಡಿಶಾದ ಐಎನ್‌ಎಸ್ ಚಿಲ್ಕಾದಲ್ಲಿ ತರಬೇತಿ ಪಡೀತಾರ. ಅವರು 15 ವರ್ಷ ಮುಗಿಸಿ, ಇನ್ನೂ ಮೂವತ್ತರ ಹರೆಯದಾಗೇ ಪಿಂಚಣಿ ಜೊತೆ ಊರಿಗೆ ಬರ್ತಿದ್ದರು. ಯಾವ ಬ್ಯಾಂಕಿನಾಗ ಮಾಜಿ ಸೈನಿಕರ ಕೋಟಾ ಕರೆದಿದಾರ ಅಂತ ಮೊದಲು ತಿಳಿಸೋದು ಬ್ಯಾಚ್‌ಮೇಟೇ.

2022ರಿಂದ ಲೆಕ್ಕ ಬದಲಾಗಿದೆ. ಅಗ್ನಿವೀರರ ಸೇವೆ 4 ವರ್ಷ. ಮುಂದೆ ಉಳಿಸಿಕೊಳ್ಳೋದು ಶೇ 25ರವರೆಗೆ ಮಾತ್ರ. ಉಳಿದವರಿಗೆ ಸೇವಾ ನಿಧಿಯಾಗಿ ಸುಮಾರು 11.71 ಲಕ್ಷ ರೂಪಾಯಿ ಸಿಗ್ತದ, ಪಿಂಚಣಿ ಇಲ್ಲ, ಇಸಿಎಚ್‌ಎಸ್ ಇಲ್ಲ. ನೌಕಾಪಡೆಯ ಮೊದಲ ಅಗ್ನಿವೀರ ಬ್ಯಾಚ್ ಚಿಲ್ಕಾದಿಂದ ಹೊರಬಿದ್ದದ್ದು 2023ರ ಮಾರ್ಚ್ 28ಕ್ಕೆ, ಹುಡುಗಿಯರೂ ಇದ್ದರು. ಅವರೆಲ್ಲಾ ನಿಮ್ಮ ನನ್ನ ವಯಸ್ಸಿನವರು, ಅಥವಾ ಇನ್ನೂ ಸಣ್ಣವರು. ಅವರ ಕೈಯಾಗ ಉಳಿಯೋದು ಆ ಹಣ, ಒಂದು ಸರ್ಟಿಫಿಕೇಟು, ಮತ್ತೆ ಒಂದು ಗ್ರೂಪು.

ಆ ಷರತ್ತು ಏನು?

ಮೊದಲು ಹೇಳಿದ ಷರತ್ತು ಇದು. ಗ್ರೂಪ್ ಇರೋದು ತೀರಿಕೊಂಡವರ ಫೋನಿನಾಗ. ಆ ಫೋನಿನ ಲಾಕ್ ಮನೆಯವರಿಗೆ ಗೊತ್ತಿಲ್ಲ ಅಂದ್ರ ಇಷ್ಟು ವರ್ಷದ ವಿಮೆ ಅವತ್ತೇ ಮುಗೀತದ.

ಅದಕ್ಕೇ ನಿಮ್ಮ ಮನ್ಯಾಗ, ಓಣಿಯಾಗ ಮಾಜಿ ಸೈನಿಕರಿದ್ದರೆ ಈ ವಾರ ಒಂದು ಅರ್ಧ ತಾಸು ಕೂತ್ಕೊಳ್ರಿ. ಪಿಂಚಣಿ ಆದೇಶದ ಹೆಸರು, ಹುಟ್ಟಿದ ದಿನಾಂಕ ಆಧಾರ್ ಜೊತೆ ಹೊಂದುತ್ತಾ ನೋಡ್ರಿ. ಸ್ಪರ್ಶ್ ಲಾಗಿನ್ ಎಲ್ಲಿದೆ ಅಂತ ಮನೆಯವರಿಗೆ ತೋರಿಸ್ರಿ. ಇಬ್ಬರು ಕೋರ್ಸ್‌ಮೇಟ್‌ಗಳ ನಂಬರು ಕಾಗದದ ಮೇಲೆ ಬರೆದು ಬೀರಿನಾಗ ಇಡ್ರಿ. ಸಾಧ್ಯ ಆದ್ರ ಕಾಕೂ ನಂಬರನ್ನೂ ಆ ಗ್ರೂಪಿಗೆ ಸೇರಿಸ್ರಿ.

ನಮ್ಮ ಕಾಕೂ ಸೇರಿ ಈಗ ಮೂರು ವಾರ ಆಯ್ತು. ಮೊದಲ ದಿನ ಬಂದದ್ದು ನಲವತ್ತು ಗುಡ್ ಮಾರ್ನಿಂಗ್ ಮೆಸೇಜು. ಎರಡನೇ ದಿನ ಪುಣೆಯ ಆ ಹೆಣ್ಣುಮಗಳೇ ಕಾಕೂಗೆ ಫೋನ್ ಮಾಡಿದರು. ಹೆಸರು ಸರಿಯಾಗಿದೆ, ಪಿಂಚಣಿ ಬಂದಿದೆ ಅಂತ ಹೇಳಲಿಕ್ಕೆ. ಆಮೇಲೆ ಇಬ್ಬರೂ ಒಂದು ತಾಸು ಮಾತಾಡಿದರಂತೆ, ಕಾಕಾ ಊಟಕ್ಕೆ ಕಾಯ್ತಾ ಕೂತಿದ್ದರು.

ಮುಂದಿನ ವಾರ ಸಿಗೋಣ ರೀ.