ಆಟದಲ್ಲಿ ಅರಿಯಬಹುದಾದ ಕಣ್ಣಿನ ಗುಟ್ಟು

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳುತ್ತಿದ್ದುದು ವ್ಯವಹಾರದ ಎಚ್ಚರಿಕೆಗಾಗಿ. ಸಾಲಪತ್ರಕ್ಕೆ ರುಜು ಹಾಕುವ ಮುನ್ನ, ನೆಂಟಸ್ತಿಕೆ ಕುದುರಿಸುವ ಮುನ್ನ ನೆನಪಾಗುವ ಮಾತು ಅದು. ಆದರೆ ಶರೀರಶಾಸ್ತ್ರದ ದೃಷ್ಟಿಯಿಂದಲೂ ಅದು ಅಕ್ಷರಶಃ ಸತ್ಯವೆಂಬುದನ್ನು ಮನಗಾಣಲು ದೊಡ್ಡ ಗ್ರಂಥಗಳನ್ನು ತಿರುವಿ ಹಾಕಬೇಕಾಗಿಲ್ಲ. ಒಂದು ಚೂರು ಕಾಗದ, ಒಂದು ಪೆನ್ಸಿಲು, ಆಡುವ ಮನಸ್ಸು ಇದ್ದರೆ ಸಾಕು.

ಈ ಬಗೆಯ ಆಟಗಳಿಗೆ ಮುಂಬಯಿಯಲ್ಲಿ ಒಂದು ಮನೆಯೇ ಇದೆ. ಮಹಾಲಕ್ಷ್ಮಿ ಸ್ಟೇಷನ್ನಿನಿಂದ ಅಷ್ಟೇನೂ ದೂರವಿಲ್ಲದ ವರ್ಲಿಯ ನೆಹರೂ ವಿಜ್ಞಾನ ಕೇಂದ್ರವು ತನ್ನ ಮೊದಲ ಪ್ರದರ್ಶನಕ್ಕೆ 1977ರಲ್ಲಿ ಆರಿಸಿಕೊಂಡ ವಿಷಯ ‘ಬೆಳಕು ಮತ್ತು ದೃಷ್ಟಿ’. 1979ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷದ ಸಂದರ್ಭದಲ್ಲಿ, ಅಲ್ಲಿ ಮಕ್ಕಳ ವಿಜ್ಞಾನ ಉದ್ಯಾನ ತೆರೆಯಿತು. 1985ರ ನವೆಂಬರ್ 11ರಂದು ಅಂದಿನ ಪ್ರಧಾನಿ ರಾಜೀವ್ ಗಾಂಧಿಯವರು ಇಡೀ ಕೇಂದ್ರವನ್ನು ಉದ್ಘಾಟಿಸಿದರು. ‘ಮುಟ್ಟಬೇಡಿ’ ಎಂಬ ಫಲಕಕ್ಕೆ ಒಗ್ಗಿಹೋಗಿದ್ದ ವಸ್ತುಸಂಗ್ರಹಾಲಯದ ಪ್ರೇಕ್ಷಕನಿಗೆ ಇಲ್ಲಿ ಮುಟ್ಟುವುದೇ ಪಾಠ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಭೌತವಿಜ್ಞಾನಿ ಫ್ರಾಂಕ್ ಓಪನ್‌ಹೈಮರ್ 1969ರಲ್ಲಿ ‘ಎಕ್ಸ್‌ಪ್ಲೊರೇಟೋರಿಯಂ’ ಸ್ಥಾಪಿಸಿದಾಗಲೂ ಮನುಷ್ಯನ ಗ್ರಹಣಶಕ್ತಿಗೇ ಹೆಚ್ಚಿನ ಮಹತ್ವ ಕೊಟ್ಟಿದ್ದರು. ಹೊರಗಿನ ಜಗತ್ತನ್ನು ಅಳೆಯುವ ಮೊದಲು ಅಳೆಯುವ ಕೋಲನ್ನೇ ಪರೀಕ್ಷಿಸಬೇಕಲ್ಲವೇ?

ಮನೆಯಲ್ಲೇ ಆಡಬಹುದಾದ ಒಂದು ಆಟವನ್ನು ನೋಡೋಣ. ಬಿಳಿ ಕಾಗದದ ಎಡಭಾಗದಲ್ಲಿ ಒಂದು ಕೂಡಿಸುವ ಚಿಹ್ನೆ, ಅದರಿಂದ ಬಲಕ್ಕೆ ಸುಮಾರು 8 ಸೆಂಟಿಮೀಟರ್ ದೂರದಲ್ಲಿ ಕಾಳುಮೆಣಸಿನಷ್ಟು ದೊಡ್ಡ ಕಪ್ಪು ಚುಕ್ಕೆ ಬರೆಯಬೇಕು. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಚಿಹ್ನೆಯನ್ನೇ ದಿಟ್ಟಿಸುತ್ತ, ಕಾಗದವನ್ನು ತೋಳಿನ ಉದ್ದದಿಂದ ಮೆಲ್ಲಗೆ ಹತ್ತಿರಕ್ಕೆ ತರಬೇಕು. ಸುಮಾರು 30 ಸೆಂಟಿಮೀಟರ್ ದೂರಕ್ಕೆ ಬರುವಾಗ ಚುಕ್ಕೆ ಮಾಯವಾಗುತ್ತದೆ! ಇನ್ನೂ ಹತ್ತಿರ ತಂದರೆ ಮರಳಿ ಬರುತ್ತದೆ. ಕಣ್ಣಿನ ನರವು ಅಕ್ಷಿಪಟಲದಿಂದ ಹೊರಬೀಳುವ ಜಾಗದಲ್ಲಿ ಬೆಳಕನ್ನು ಗ್ರಹಿಸುವ ಕೋಶಗಳಿಲ್ಲ. ಫ್ರಾನ್ಸಿನ ಮಾರಿಯೋಟ್ ಎಂಬ ವಿಜ್ಞಾನಿ ಈ ಅಂಧಬಿಂದುವನ್ನು ಹದಿನೇಳನೆಯ ಶತಮಾನದಲ್ಲೇ ಗುರುತಿಸಿದ್ದನು.

ಚುಕ್ಕೆ ಕಾಣದಿರುವುದಕ್ಕಿಂತ ದೊಡ್ಡ ಸೋಜಿಗವೆಂದರೆ, ಆ ಜಾಗದಲ್ಲಿ ತೂತು ಕಾಣಿಸದಿರುವುದು. ಚುಕ್ಕೆಯ ಮೂಲಕ ಒಂದು ಉದ್ದ ಗೆರೆ ಎಳೆದು ನೋಡಿದರೆ, ಚುಕ್ಕೆ ಅಳಿದು ಗೆರೆ ಮಾತ್ರ ಅಖಂಡವಾಗಿ ತೋರುತ್ತದೆ. ಇಲ್ಲದ್ದನ್ನು ಮಿದುಳು ತಾನೇ ತುಂಬಿಕೊಳ್ಳುತ್ತದೆ. ಜಮಾ–ಖರ್ಚು ತಾಳೆಯಾಗದಿದ್ದಾಗ ಅಂದಾಜಿನ ಅಂಕಿ ಬರೆದು ಪುಟ ಮುಚ್ಚುವ ಗುಮಾಸ್ತನಂತೆ.

ಗ್ಲಾಕೋಮ ರೋಗವು ಕಳ್ಳಹೆಜ್ಜೆಯಲ್ಲಿ ಬರುವುದು ಇದೇ ಕಾರಣದಿಂದ. ಆ ರೋಗದಲ್ಲಿ ಕಣ್ಣಿನ ನರ ಸವೆಯುತ್ತ, ದೃಷ್ಟಿಯ ಅಂಚಿನ ಭಾಗಗಳು ಒಂದೊಂದಾಗಿ ನಂದುತ್ತವೆ. ಆದರೆ ಕಪ್ಪು ಕಲೆ ಕಾಣುವುದಿಲ್ಲ, ಸಾಮಾನ್ಯವಾಗಿ ನೋವೂ ಇರುವುದಿಲ್ಲ. ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಕಣ್ಣೂ ಮಿದುಳೂ ಸೇರಿ ಮುಚ್ಚಿಹಾಕುತ್ತವೆ. ಕಳೆದುಹೋದ ದೃಷ್ಟಿ ಮರಳಿ ಬರುವುದಿಲ್ಲ, ಉಳಿದದ್ದನ್ನು ಔಷಧದ ಹನಿಗಳಿಂದಲೋ ಶಸ್ತ್ರಚಿಕಿತ್ಸೆಯಿಂದಲೋ ಕಾಪಾಡಬಹುದು. ಮೇಲಿನ ಕಾಗದದ ಆಟದಿಂದ ರೋಗ ಪತ್ತೆಯಾಗದು ಎಂಬುದನ್ನು ಒತ್ತಿ ಹೇಳಬೇಕು. ನಲವತ್ತು ದಾಟಿದವರು, ಅದರಲ್ಲೂ ತಂದೆತಾಯಿ ಒಡಹುಟ್ಟಿದವರಲ್ಲಿ ಈ ರೋಗವಿದ್ದವರು, ಕಣ್ಣಿನ ಒತ್ತಡವನ್ನೂ ನರವನ್ನೂ ವೈದ್ಯರಿಂದಲೇ ಪರೀಕ್ಷಿಸಿಕೊಳ್ಳಬೇಕು. ‘ನನಗೆ ಚೆನ್ನಾಗಿಯೇ ಕಾಣುತ್ತದೆ’ ಎಂಬ ಸಮಾಧಾನ ಎಷ್ಟು ನಂಬಲರ್ಹವೆಂಬುದನ್ನು ಮಾತ್ರ ಆ ಚುಕ್ಕೆ ಕಲಿಸುತ್ತದೆ.

ಮಕ್ಕಳಿಗೆ ಇನ್ನೊಂದು ಆಟವುಂಟು. ಗೋಡೆಯ ಕ್ಯಾಲೆಂಡರಿನ ತಾರೀಖುಗಳನ್ನು ದೂರದಿಂದ ಒಂದೊಂದೇ ಕಣ್ಣು ಮುಚ್ಚಿ ಓದಿಸುವುದು. ಒಂದು ಕಣ್ಣು ಮುಚ್ಚಿದಾಗ ಮಗು ತಡವರಿಸಿದರೆ, ಹಟಮಾಡಿ ಕೈ ತೆಗೆದರೆ, ತಂದೆತಾಯಿಗಳು ಗದರಬಾರದು, ನೇತ್ರವೈದ್ಯರಲ್ಲಿಗೆ ಕರೆದೊಯ್ಯಬೇಕು. ‘ಸೋಮಾರಿ ಕಣ್ಣು’ ಎನ್ನಿಸಿಕೊಳ್ಳುವ ದೋಷಕ್ಕೆ ಏಳೆಂಟು ವರ್ಷದೊಳಗೆ ಚಿಕಿತ್ಸೆ ಆರಂಭವಾದರೆ ಫಲ ಹೆಚ್ಚು.

ಬಣ್ಣದ ಹೆಸರಿನ ಆಟ ಕೇವಲ ವಿನೋದದ್ದು. ‘ಕೆಂಪು’ ಎಂಬ ಪದವನ್ನು ಹಸಿರು ಶಾಯಿಯಲ್ಲೂ ‘ಹಳದಿ’ ಎಂಬುದನ್ನು ನೀಲಿಯಲ್ಲೂ ಬರೆದು, ಪದವನ್ನು ಓದದೆ ಶಾಯಿಯ ಬಣ್ಣವನ್ನಷ್ಟೇ ಹೇಳಬೇಕು. 1935ರಲ್ಲಿ ಸ್ಟ್ರೂಪ್ ಎಂಬ ಅಮೆರಿಕನ್ ಮನಃಶಾಸ್ತ್ರಜ್ಞನು ಪ್ರಸಿದ್ಧಿಗೆ ತಂದ ಪರೀಕ್ಷೆಯಿದು. ಓದು ಬಲ್ಲವನ ನಾಲಿಗೆ ಎಡವುತ್ತದೆ. ಮುಂಬಯಿಯ ಕನ್ನಡ ಮನೆಗಳಲ್ಲಿ ಇದನ್ನು ಕನ್ನಡ ಅಕ್ಷರಗಳಲ್ಲಿ ಆಡಿದರೆ ತಂದೆ ಎಡವಿ, ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಮಗ ಸರಾಗವಾಗಿ ಗೆಲ್ಲುವುದುಂಟು. ಆ ಅಕ್ಷರಗಳು ಅವನೊಡನೆ ಮಾತಾಡುವುದೇ ಇಲ್ಲವಾದ್ದರಿಂದ. ಆ ಗೆಲುವಿಗೆ ಯಾವ ತಂದೆಯೂ ಹಿಗ್ಗಲಾರನು.

ವಾಣಿಜ್ಯಶಾಸ್ತ್ರ ಓದಿದವರಿಗೆ ಜೆವನ್ಸ್ ಪರಿಚಿತ ಹೆಸರು. ಸೀಮಾಂತ ತುಷ್ಟಿಗುಣದ ಸಿದ್ಧಾಂತ ಮಂಡಿಸಿದ ಅದೇ ಅರ್ಥಶಾಸ್ತ್ರಜ್ಞನು 1871ರಲ್ಲಿ ಪೆಟ್ಟಿಗೆಯೊಳಕ್ಕೆ ಕರಿ ಅವರೆಯಂತಹ ಕಾಳುಗಳನ್ನು ಎಸೆದು, ಒಂದೇ ನೋಟಕ್ಕೆ ಎಷ್ಟೆಂದು ಹೇಳಬಲ್ಲೆನೆಂದು ತನ್ನನ್ನೇ ಪರೀಕ್ಷಿಸಿಕೊಂಡನು. ಮೂರು, ನಾಲ್ಕು ಕಾಳುಗಳಿದ್ದಾಗ ಅವನು ತಪ್ಪಲೇ ಇಲ್ಲ. ಐದರಿಂದ ತಪ್ಪುಗಳು ತೊಡಗಿದವು. ಎಣಿಸದೆ ಗ್ರಹಿಸುವ ಶಕ್ತಿಗೆ ನಾಲ್ಕರ ಆಸುಪಾಸಿನಲ್ಲೇ ಗಡಿ. ಕರಾವಳಿಯ ಚೆನ್ನೆಮಣೆಯಲ್ಲಿ ಹದಿನಾಲ್ಕು ಗುಳಿ, ಗುಳಿಗೆ ನಾಲ್ಕೇ ಕಾಯಿ. ಆಟಿ ತಿಂಗಳ ಮಳೆಯಲ್ಲಿ ಚಾವಡಿಯಲ್ಲಿ ಕುಳಿತು ಆಡುತ್ತಿದ್ದ ಅಜ್ಜಿಯರು ಜೆವನ್ಸನನ್ನು ಓದಿರಲಿಲ್ಲ, ಇದು ಕಾಕತಾಳೀಯವೂ ಇದ್ದೀತು. ಆದರೂ ಲಕ್ಷ, ಸಾವಿರಗಳ ನಡುವೆ ಅಲ್ಪವಿರಾಮವಿಡದೆ ಬರೆದ ದೊಡ್ಡ ಮೊತ್ತವನ್ನು ಓದಿ ತೊಳಲಿದವರಿಗೆ, ಕಣ್ಣಿಗೆ ಒಗ್ಗುವ ತುತ್ತು ಎಷ್ಟೆಂಬುದು ಚೆನ್ನಾಗಿ ಗೊತ್ತು.

ಕಣ್ಣಿನ ಭ್ರಮೆ ಈ ನಗರದಲ್ಲಿ ಪ್ರಾಣವನ್ನೇ ಕೇಳುತ್ತದೆ. ಉಪನಗರ ರೈಲುಮಾರ್ಗಗಳಲ್ಲಿ ಎಷ್ಟೋ ವರ್ಷಗಳಲ್ಲಿ ಸತ್ತವರ ಸಂಖ್ಯೆ ಎರಡು ಸಾವಿರವನ್ನು ಮೀರಿದೆ. ಅವರಲ್ಲಿ ದೊಡ್ಡ ಪಾಲು ಹಳಿ ದಾಟುವಾಗ ಸಿಲುಕಿದವರದು. ಇವರೆಲ್ಲ ಹುಂಬರೆಂದು ಬೈದುಬಿಡುವುದು ಸುಲಭ. ದೊಡ್ಡ ವಸ್ತು ವೇಗವಾಗಿ ಬರುತ್ತಿದ್ದರೂ ನಿಧಾನವಾಗಿ ಬರುವಂತೆ ತೋರುತ್ತದೆಂದು ಅಮೆರಿಕದ ಲೈಬೋವಿಟ್ಸ್ ಎಂಬ ಮನಃಶಾಸ್ತ್ರಜ್ಞನು 1985ರಲ್ಲಿ ರೈಲ್ವೆ ಗೇಟಿನ ಅಪಘಾತಗಳನ್ನು ಕುರಿತು ಬರೆದಿದ್ದನು. 2010ರಲ್ಲಿ ವಡಾಲದ ಬಳಿ ‘ಫೈನಲ್ ಮೈಲ್’ ಎಂಬ ಮುಂಬಯಿಯ ಸಂಸ್ಥೆ ರೈಲ್ವೆಯೊಡನೆ ಕೂಡಿ ಪ್ರಯೋಗವೊಂದನ್ನು ನಡೆಸಿತು. ಹೊಸ ಗೋಡೆಯಿಲ್ಲ, ದಂಡವಿಲ್ಲ. ಹಳಿಯಡಿಯ ಕೆಲವು ಸ್ಲೀಪರುಗಳಿಗೆ ಹಳದಿ ಬಣ್ಣ ಬಳಿದರು. ಆ ಪಟ್ಟೆಗಳನ್ನು ಗಾಡಿ ನುಂಗುತ್ತ ಬರುವಾಗ ಅದರ ವೇಗ ಕಣ್ಣಿಗೆ ಅಂದಾಜಾಗುತ್ತದೆ. ಚಾಲಕನು ಒಂದೇ ಉದ್ದ ಸಿಳ್ಳೆಯ ಬದಲು ನಡುವೆ ಬಿಡುವು ಕೊಟ್ಟು ಎರಡು ಗಿಡ್ಡ ಸಿಳ್ಳೆ ಹಾಕುವಂತೆ ಫಲಕ ನೆಟ್ಟರು. ಗಾಡಿಯಡಿ ಸಿಲುಕುವ ಕ್ಷಣದಲ್ಲಿ ಕಿರುಚುವ ಮನುಷ್ಯನ ಮುಖದ ಚಿತ್ರಗಳನ್ನು ನಿಲ್ಲಿಸಿದರು. ಎಚ್ಚರಿಕೆಯ ಅಕ್ಷರಗಳನ್ನು ಯಾರೂ ಓದುವುದಿಲ್ಲ, ಭಯಗೊಂಡ ಮುಖವನ್ನು ಎಲ್ಲರೂ ಓದುತ್ತಾರೆ. ಅಲ್ಲಿ ಸಾವುಗಳು ಗಣನೀಯವಾಗಿ ಇಳಿದವೆಂದು ವರದಿಯಾಯಿತು. ವಿನ್ಯಾಸವೆಂದರೆ ಅಂದಗೊಳಿಸುವುದೆಂದು ತಿಳಿದವರು ಆ ಹಳದಿ ಪಟ್ಟೆಗಳನ್ನು ನೆನೆಯಬೇಕು.

ಕೊನೆಗೆ, ಬ್ಯಾಂಕಿನ ಗಲ್ಲಾದಿಂದ ಒಂದು ಆಟ. ಕಣ್ಣಿಗೆ ಕರವಸ್ತ್ರ ಕಟ್ಟಿ, ನೂರು, ಇನ್ನೂರು, ಐನೂರರ ಹೊಸ ನೋಟುಗಳನ್ನು ಬೆರಳಿನಿಂದಷ್ಟೇ ಬೇರ್ಪಡಿಸುವುದು. 2016ರ ವರೆಗಿನ ಸರಣಿಯಲ್ಲಿ ನೂರರ ನೋಟು 157 ಮಿಲಿಮೀಟರ್, ಐನೂರರದು 167, ಸಾವಿರದ್ದು 177 ಉದ್ದವಿದ್ದವು. ಹತ್ತು ಹತ್ತರ ಅಂತರ. ಹೊಸ ಸರಣಿಯಲ್ಲಿ ನೂರರದು 142, ಇನ್ನೂರರದು 146, ಐನೂರರದು 150. ಅಂತರ ನಾಲ್ಕೇ ಮಿಲಿಮೀಟರ್, ಎಂದರೆ ನೂರಕ್ಕೆ ಮೂರಕ್ಕೂ ಕಡಿಮೆ. ನೂರಕ್ಕೆ ತ್ರಿಕೋನ, ಐನೂರಕ್ಕೆ ವೃತ್ತವೆಂದು ಉಬ್ಬುಗುರುತುಗಳಿವೆ, ಅಂಚಿನಲ್ಲಿ ಉಬ್ಬುಗೆರೆಗಳೂ ಇವೆ. ಆದರೆ ನೋಟು ಹತ್ತಾರು ಕೈ ದಾಟುವಷ್ಟರಲ್ಲಿ ಅವು ಸವೆದಿರುತ್ತವೆ. ಇದಕ್ಕೆಂದೇ ರಿಸರ್ವ್ ಬ್ಯಾಂಕು 2020ರ ಜನವರಿಯಲ್ಲಿ ‘ಮಣಿ’ ಎಂಬ ಮೊಬೈಲ್ ಆ್ಯಪನ್ನು ಹೊರತಂದಿತು. ಕ್ಯಾಮೆರಾದ ಎದುರು ನೋಟು ಹಿಡಿದರೆ ಅದು ಮೌಲ್ಯವನ್ನು ಹೇಳುತ್ತದೆ. ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಬಾಚಣಿಗೆ, ಪಿನ್ನು ಮಾರುವ ಅಂಧ ವ್ಯಾಪಾರಿಗೆ ಮೊಬೈಲು ತೆಗೆದು ಹಿಡಿಯುವಷ್ಟು ಪುರುಸೊತ್ತು ಎಲ್ಲಿಯದು? ಗಿರಾಕಿ ಮುಂದಿನ ಸ್ಟೇಷನ್ನಿನಲ್ಲಿ ಇಳಿದುಹೋಗುತ್ತಾನೆ. ಹಳೆಯ ನೂರರ ನೋಟಿನ ಮಾನ್ಯತೆ ರದ್ದಾಗಿಲ್ಲ. ಅದನ್ನು ಹೊಸ ಐನೂರರ ಮೇಲಿಟ್ಟು ನೋಡಿದರೆ, ನೂರೇ ಏಳು ಮಿಲಿಮೀಟರ್ ಉದ್ದ.