ಮಂಜುಗಡ್ಡೆಯ ಅಂಗಳದ ವಾಣಿಜ್ಯ: ನ್ಯಾಷನಲ್ ಹಾಕಿ ಲೀಗ್ ಬೆಳೆದ ಬಗೆ

2005ರ ಫೆಬ್ರುವರಿ 16ರಂದು ನ್ಯೂಯಾರ್ಕಿನಲ್ಲಿ ನ್ಯಾಷನಲ್ ಹಾಕಿ ಲೀಗಿನ ಕಮಿಷನರ್ ಗ್ಯಾರಿ ಬೆಟ್‌ಮನ್ ಅವರು 2004-05ನೇ ಸಾಲಿನ ಎಲ್ಲ ಪಂದ್ಯಗಳೂ ರದ್ದಾಗಿವೆ ಎಂದು ಘೋಷಿಸಿದರು. ಮೂವತ್ತು ತಂಡಗಳು ಆಡಬೇಕಿದ್ದ 1,230 ಲೀಗ್ ಪಂದ್ಯಗಳಲ್ಲಿ ಒಂದೂ ನಡೆಯಲಿಲ್ಲ. ಮಾಲೀಕರು 2004ರ ಸೆಪ್ಟೆಂಬರಿನಲ್ಲೇ ಆಟಗಾರರಿಗೆ ಬೀಗಮುದ್ರೆ ಘೋಷಿಸಿದ್ದರು. ಕಾರ್ಮಿಕ ವಿವಾದದ ಕಾರಣದಿಂದ ಇಡೀ ಋತುವನ್ನೇ ಕಳೆದುಕೊಂಡ ಮೊದಲ ಪ್ರಮುಖ ಉತ್ತರ ಅಮೆರಿಕನ್ ವೃತ್ತಿಪರ ಲೀಗ್ ಎಂಬ ಅಪಕೀರ್ತಿ ಈ ಸಂಸ್ಥೆಗೆ ಅಂಟಿಕೊಂಡಿತು. ಗಳಿಕೆಯಲ್ಲಿ ದುಡಿಯುವವನ ಪಾಲೆಷ್ಟು, ಬಂಡವಾಳ ಹೂಡಿದವನ ಪಾಲೆಷ್ಟು ಎಂಬುದೇ ವಿವಾದದ ತಿರುಳು. ಲೀಗಿನ ಶತಮಾನದ ಚರಿತ್ರೆಯನ್ನು ಅವಲೋಕಿಸಿದರೆ ಅದರ ಪ್ರತಿಯೊಂದು ತಿರುವಿನಲ್ಲಿಯೂ ಈ ಪ್ರಶ್ನೆಯೇ ಎದುರಾಗುತ್ತದೆ.

ಹಾಕಿ ಎಂದೊಡನೆ ಕನ್ನಡಿಗರಿಗೆ ಕೊಡಗಿನ ಮೈದಾನಗಳು ನೆನಪಾಗುವುದು ಸಹಜ. ಇಲ್ಲಿ ಪ್ರಸ್ತಾಪಿಸಿರುವುದು ಮಂಜುಗಡ್ಡೆಯ ಮೇಲೆ ಸ್ಕೇಟುಗಳನ್ನು ಧರಿಸಿ, ಚೆಂಡಿಗೆ ಬದಲಾಗಿ ರಬ್ಬರಿನ ಚಪ್ಪಟೆ ಬಿಲ್ಲೆಯನ್ನು ಹೊಡೆದಾಡುವ ಕೆನಡಾದ ಐಸ್ ಹಾಕಿಯನ್ನು.

ಲೀಗಿನ ಹುಟ್ಟೇ ಪಾಲುದಾರರ ಜಗಳದಿಂದ ಆಯಿತು. 1909ರಲ್ಲಿ ಸ್ಥಾಪನೆಯಾಗಿದ್ದ ನ್ಯಾಷನಲ್ ಹಾಕಿ ಅಸೋಸಿಯೇಷನ್ ಎಂಬ ಸಂಸ್ಥೆಯಲ್ಲಿ ಟೊರಾಂಟೊ ತಂಡದ ಮಾಲೀಕ ಎಡ್ಡಿ ಲಿವಿಂಗ್‌ಸ್ಟನ್ ಅವರೊಡನೆ ಉಳಿದ ಮಾಲೀಕರಿಗೆ ಹೊಂದಾಣಿಕೆಯಾಗಲಿಲ್ಲ. ಅವರು 1917ರ ನವೆಂಬರ್ 26ರಂದು ಮಾಂಟ್ರಿಯಲ್ ನಗರದ ವಿಂಡ್ಸರ್ ಹೋಟೆಲಿನಲ್ಲಿ ಸಭೆ ಸೇರಿ ಹೊಸ ಲೀಗನ್ನೇ ಕಟ್ಟಿದರು. ಲಿವಿಂಗ್‌ಸ್ಟನ್ ಅವರ ಕೈಯಲ್ಲಿ ಸದಸ್ಯರೇ ಇಲ್ಲದ ಹಳೆಯ ಸಂಸ್ಥೆ ಉಳಿಯಿತು. ಪಾಲುದಾರನನ್ನು ಹೊರಹಾಕಲು ಅಂಗಡಿಯ ಬೋರ್ಡನ್ನೇ ಬದಲಿಸಿದ ಇಂತಹ ನಿದರ್ಶನಗಳು ವರ್ತಕರಿಗೆ ಹೊಸತಲ್ಲ. ಫ್ರಾಂಕ್ ಕಾಲ್ಡರ್ ಅವರು ಪ್ರಥಮ ಅಧ್ಯಕ್ಷರಾದರು. 1918ರ ಜನವರಿಯಲ್ಲಿ ಮಾಂಟ್ರಿಯಲ್ ಅರೀನಾ ಕ್ರೀಡಾಂಗಣ ಬೆಂಕಿಗೆ ಆಹುತಿಯಾಗಿ ವಾಂಡರರ್ಸ್ ತಂಡ ಮುಚ್ಚಿತು. ಉಳಿದದ್ದು ಮೂರೇ ತಂಡಗಳು.

ಈ ಉದ್ಯಮದ ಮೂಲ ಯಂತ್ರ ಶೀತಲೀಕರಣ ಯಂತ್ರ. ಸ್ವಾಭಾವಿಕ ಮಂಜುಗಡ್ಡೆಯನ್ನು ನಂಬಿದರೆ ಬಿಸಿಲೇರಿದೊಡನೆ ವ್ಯಾಪಾರ ನಿಲ್ಲುತ್ತಿತ್ತು. 1911ರಲ್ಲಿ ಪ್ಯಾಟ್ರಿಕ್ ಸಹೋದರರು ಪಶ್ಚಿಮ ಕೆನಡಾದ ವ್ಯಾಂಕೂವರ್ ಮತ್ತು ವಿಕ್ಟೋರಿಯಾ ನಗರಗಳಲ್ಲಿ ಕೃತಕ ಮಂಜುಗಡ್ಡೆಯ ಅಂಗಳಗಳನ್ನು ನಿರ್ಮಿಸಿ ಪ್ರತಿಸ್ಪರ್ಧಿ ಲೀಗೊಂದನ್ನು ನಡೆಸಿದರು. ಆದರೆ ಅಲ್ಲಿನ ನಗರಗಳು ಚಿಕ್ಕವು, ಟಿಕೆಟಿನ ಆದಾಯ ಸಾಲದು. 1926ರಲ್ಲಿ ಪಶ್ಚಿಮದ ಲೀಗ್ ಮುಚ್ಚಿದಾಗ ಅದರ ಆಟಗಾರರನ್ನು ಪೂರ್ವದ ತಂಡಗಳು ಕೊಂಡವು. 1924ರಲ್ಲಿ ಬಾಸ್ಟನ್, 1926ರಲ್ಲಿ ನ್ಯೂಯಾರ್ಕ್ ರೇಂಜರ್ಸ್, ಶಿಕಾಗೊ ಮತ್ತು ಡೆಟ್ರಾಯಿಟ್ ತಂಡಗಳು ಸೇರುವುದರೊಂದಿಗೆ ಕೆನಡಾದ ಆಟ ಅಮೆರಿಕದ ಮಾರುಕಟ್ಟೆಯನ್ನು ಪ್ರವೇಶಿಸಿತು. ಗವರ್ನರ್ ಜನರಲ್ ಲಾರ್ಡ್ ಸ್ಟ್ಯಾನ್ಲಿ ಅವರು 1892ರಲ್ಲಿ ದಾನವಾಗಿ ಕೊಟ್ಟ ಸ್ಟ್ಯಾನ್ಲಿ ಕಪ್ 1927ರಿಂದ ಈ ಲೀಗಿನ ತಂಡಗಳಿಗೆ ಮಾತ್ರ ದೊರೆಯತೊಡಗಿತು.

ಆರ್ಥಿಕ ಮುಗ್ಗಟ್ಟು ಮತ್ತು ಎರಡನೇ ಮಹಾಯುದ್ಧದ ಹೊಡೆತಕ್ಕೆ ಹತ್ತು ತಂಡಗಳ ಲೀಗು 1942ರ ವೇಳೆಗೆ ಆರಕ್ಕೆ ಇಳಿಯಿತು. ಮುಂದಿನ 25 ವರ್ಷ ಆ ಸಂಖ್ಯೆ ಬದಲಾಗಲೇ ಇಲ್ಲ. ಅಭಿಮಾನಿಗಳು ಇದನ್ನು ಸುವರ್ಣಯುಗವೆನ್ನುತ್ತಾರೆ. ಲೆಕ್ಕಪತ್ರದ ದೃಷ್ಟಿಯಿಂದ ನೋಡಿದರೆ ಇದು ಬಿಗಿಯಾದ ಏಕಸ್ವಾಮ್ಯ. ಆರು ತಂಡಗಳ ಪೈಕಿ ಮೂರರಲ್ಲಿ ನಾರಿಸ್ ಎಂಬ ಒಂದೇ ಕುಟುಂಬಕ್ಕೆ ಹಿತಾಸಕ್ತಿಯಿತ್ತು. ಒಮ್ಮೆ ಸಹಿ ಹಾಕಿದ ಆಟಗಾರನ ಮೇಲೆ ತಂಡಕ್ಕೆ ಶಾಶ್ವತ ಹಕ್ಕು. ಬೇರೆ ತಂಡ ಹೆಚ್ಚು ವೇತನ ಕೊಡಲು ಸಿದ್ಧವಿದ್ದರೂ ಹೋಗುವಂತಿರಲಿಲ್ಲ. 1957ರಲ್ಲಿ ಡೆಟ್ರಾಯಿಟಿನ ಟೆಡ್ ಲಿಂಡ್ಸೆ ಆಟಗಾರರ ಸಂಘ ಕಟ್ಟಲು ಮುಂದಾದರು. ಅದೇ ವರ್ಷ ಅವರನ್ನು ಶಿಕಾಗೊ ತಂಡಕ್ಕೆ ಸಾಗಹಾಕಲಾಯಿತು, ಸಂಘವೂ ಮುರಿದುಬಿತ್ತು. ಆಟಗಾರರ ಸಂಘಕ್ಕೆ ಮಾನ್ಯತೆ ದೊರೆತದ್ದು 1967ರಲ್ಲಿ. ಅದರ ಸ್ಥಾಪಕ ಮುಖ್ಯಸ್ಥ ಅಲನ್ ಈಗಲ್‌ಸನ್ ಅವರೇ 1998ರಲ್ಲಿ ವಂಚನೆಯ ಅಪರಾಧವನ್ನು ಒಪ್ಪಿಕೊಂಡು ಸೆರೆವಾಸ ಅನುಭವಿಸಿದ್ದು ವಿಪರ್ಯಾಸ.

ಪ್ರತಿಸ್ಪರ್ಧಿಗಳ ಭಯ ಮತ್ತು ಟೆಲಿವಿಷನ್ನಿನ ಆಸೆ ಇವೆರಡೂ ಸೇರಿ 1967ರಲ್ಲಿ ಲೀಗಿನ ಬಾಗಿಲನ್ನು ತೆರೆಸಿದವು. ತಲಾ 20 ಲಕ್ಷ ಡಾಲರ್ ಪ್ರವೇಶ ಶುಲ್ಕ ಪಡೆದು ಲಾಸ್ ಏಂಜಲೀಸ್, ಪಿಟ್ಸ್‌ಬರ್ಗ್, ಫಿಲಡೆಲ್ಫಿಯಾ ಮುಂತಾದ ಆರು ಹೊಸ ತಂಡಗಳನ್ನು ಒಂದೇ ಸಲಕ್ಕೆ ಸೇರಿಸಿಕೊಳ್ಳಲಾಯಿತು. ಆದರೂ 1972ರಲ್ಲಿ ವರ್ಲ್ಡ್ ಹಾಕಿ ಅಸೋಸಿಯೇಷನ್ ಎಂಬ ಹೊಸ ಲೀಗ್ ತಲೆಯೆತ್ತಿತು. ಅದರ ವಿನ್ನಿಪೆಗ್ ತಂಡ ಶಿಕಾಗೊದ ಖ್ಯಾತ ಆಟಗಾರ ಬಾಬಿ ಹಲ್ ಅವರಿಗೆ 10 ಲಕ್ಷ ಡಾಲರ್ ಮುಂಗಡ ಕೊಟ್ಟು ಕರೆದೊಯ್ದಿತು. ಆಟಗಾರರನ್ನು ಕಟ್ಟಿಹಾಕುವ ಹಳೆಯ ಕರಾರು ಅಮೆರಿಕದ ನ್ಯಾಯಾಲಯದಲ್ಲಿ ಅದೇ ವರ್ಷ ನಿಲ್ಲಲಿಲ್ಲ. ಏಳು ವರ್ಷ ಎರಡೂ ಲೀಗುಗಳು ಪೈಪೋಟಿಯಲ್ಲಿ ವೇತನ ಏರಿಸಿದವು. ಕೊನೆಗೆ 1979ರಲ್ಲಿ ಎಡ್ಮಂಟನ್, ಕ್ವಿಬೆಕ್, ವಿನ್ನಿಪೆಗ್ ಮತ್ತು ಹಾರ್ಟ್‌ಫರ್ಡ್ ತಂಡಗಳು ತಲಾ 60 ಲಕ್ಷ ಡಾಲರ್ ತೆತ್ತು ಹಳೆಯ ಲೀಗನ್ನು ಸೇರಿದವು.

ಇವುಗಳಲ್ಲಿ ಮೂರು ಕೆನಡಾದ ನಗರಗಳು. ಇವುಗಳ ಮುಂದಿನ ಪಾಡು ವಿದೇಶೀ ವಿನಿಮಯದಲ್ಲಿ ವ್ಯವಹರಿಸುವ ಯಾವುದೇ ಉದ್ಯಮಿಗೆ ಅರ್ಥವಾಗುವಂಥದು. ಟಿಕೆಟಿನ ಹಣ ಬರುವುದು ಕೆನಡಾ ಡಾಲರಿನಲ್ಲಿ, ವೇತನ ಕೊಡಬೇಕಾದದ್ದು ಅಮೆರಿಕದ ಡಾಲರಿನಲ್ಲಿ. 1988ರ ಆಗಸ್ಟ್ 9ರಂದು ಎಡ್ಮಂಟನ್ ತಂಡವು ಆಟದ ಸರ್ವಶ್ರೇಷ್ಠನೆನಿಸಿದ್ದ ವೇಯ್ನ್ ಗ್ರೆಟ್ಸ್‌ಕಿಯನ್ನು ಲಾಸ್ ಏಂಜಲೀಸಿಗೆ ವರ್ಗಾಯಿಸಿದಾಗ ಕೈಸೇರಿದ ನಗದೇ ಒಂದೂವರೆ ಕೋಟಿ ಡಾಲರ್. ಮಂಜನ್ನೇ ಕಾಣದ ಕ್ಯಾಲಿಫೋರ್ನಿಯಾದಲ್ಲಿಯೂ ಈ ಆಟಕ್ಕೆ ಗಿರಾಕಿಗಳಿದ್ದಾರೆ ಎಂಬುದು ಅಂದಿನಿಂದ ಸ್ಪಷ್ಟವಾಯಿತು. 1993ರಲ್ಲಿ ಬೆಟ್‌ಮನ್ ಅಧಿಕಾರ ವಹಿಸಿಕೊಂಡ ಬಳಿಕ ದಕ್ಷಿಣದತ್ತ ಪಯಣ ಚುರುಕಾಯಿತು. ಕ್ವಿಬೆಕ್ ತಂಡ 1995ರಲ್ಲಿ ಡೆನ್ವರಿಗೂ ವಿನ್ನಿಪೆಗ್ ತಂಡ 1996ರಲ್ಲಿ ಮರುಭೂಮಿಯ ಫೀನಿಕ್ಸಿಗೂ ವಲಸೆ ಹೋದವು. 2002ರ ಜನವರಿಯಲ್ಲಿ ಕೆನಡಾ ಡಾಲರಿನ ಬೆಲೆ ಸುಮಾರು 62 ಅಮೆರಿಕನ್ ಸೆಂಟುಗಳಿಗೆ ಕುಸಿದಿತ್ತು.

ಅತ್ತ ಹೊಸ ತಂಡಗಳ ಶುಲ್ಕ 1992ರಲ್ಲಿ 5 ಕೋಟಿ, 2000ದಲ್ಲಿ 8 ಕೋಟಿ ಡಾಲರಿಗೇರಿತು. ಆದರೆ ವೇತನ ಅದಕ್ಕಿಂತ ವೇಗವಾಗಿ ಬೆಳೆಯುತ್ತಿದೆ ಎಂಬುದು ಮಾಲೀಕರ ದೂರು. ಅಮೆರಿಕದ ಷೇರುಪೇಟೆ ನಿಯಂತ್ರಣ ಆಯೋಗದ ಮಾಜಿ ಅಧ್ಯಕ್ಷ ಆರ್ಥರ್ ಲೆವಿಟ್ ಅವರು ಲೀಗಿನ ಕೋರಿಕೆಯಂತೆ 2004ರಲ್ಲಿ ವರದಿ ನೀಡಿ, 2002-03ರಲ್ಲಿ ತಂಡಗಳ ಒಟ್ಟು ನಷ್ಟ 27.3 ಕೋಟಿ ಡಾಲರ್ ಎಂದೂ ಆದಾಯದ ಸುಮಾರು ಮುಕ್ಕಾಲು ಪಾಲು ಆಟಗಾರರಿಗೆ ಸಲ್ಲುತ್ತಿದೆಯೆಂದೂ ತಿಳಿಸಿದರು. ಸಂಘ ಈ ಲೆಕ್ಕವನ್ನು ಒಪ್ಪಲಿಲ್ಲ. 1994-95ರ ಬೀಗಮುದ್ರೆಯಲ್ಲಿ ಅರ್ಧ ಋತುವಿನ ಆಟವನ್ನಾದರೂ ಉಳಿಸಿಕೊಳ್ಳಲಾಗಿತ್ತು; ಹತ್ತು ವರ್ಷಗಳ ನಂತರ ಅದೂ ಸಾಧ್ಯವಾಗಲಿಲ್ಲ.

2005ರ ಜುಲೈನಲ್ಲಿ ಆದ ಒಪ್ಪಂದ ಆಟಗಾರರಿಗೆ ಕಹಿಯಾಗಿತ್ತು. ಚಾಲ್ತಿಯಲ್ಲಿದ್ದ ಕರಾರುಗಳ ವೇತನದಲ್ಲಿ ಶೇ. 24ರಷ್ಟು ಕಡಿತವಾಯಿತು. ತಂಡವೊಂದರ ವೇತನ ವೆಚ್ಚಕ್ಕೆ 3.9 ಕೋಟಿ ಡಾಲರಿನ ಗರಿಷ್ಠ ಮಿತಿ ಬಂತು, ಕನಿಷ್ಠ ಮಿತಿಯನ್ನೂ ನಿಗದಿಪಡಿಸಲಾಯಿತು. ವ್ಯವಸ್ಥೆಯ ಸ್ವಾರಸ್ಯವಿರುವುದು ಠೇವಣಿ ಖಾತೆಯಲ್ಲಿ. ಆಟಗಾರರ ಸಂಬಳದ ಒಂದು ಭಾಗವನ್ನು ಈ ಖಾತೆಯಲ್ಲಿ ತಡೆಹಿಡಿಯಲಾಗುತ್ತದೆ. ವರ್ಷಾಂತ್ಯದ ಲೆಕ್ಕದಲ್ಲಿ ಅವರ ಒಟ್ಟು ಗಳಿಕೆ ನಿಗದಿತ ಪಾಲನ್ನು ಮೀರಿದ್ದರೆ ಹೆಚ್ಚುವರಿ ಹಣ ಮಾಲೀಕರಿಗೆ ಹಿಂದಿರುಗುತ್ತದೆ. ಗರಿಷ್ಠ ಶೇ. 57ರವರೆಗೆ ಹೋಗಬಹುದಾಗಿದ್ದ ಈ ಪಾಲನ್ನು 2012-13ರ ಮತ್ತೊಂದು ಬೀಗಮುದ್ರೆ ಶೇ. 50ಕ್ಕೆ ಇಳಿಸಿತು.

ವೇತನ ಮಿತಿಯಿಂದ ಎಲ್ಲ ತಂಡಗಳೂ ಉಳಿದವೆಂದಲ್ಲ. ಫೀನಿಕ್ಸ್ ತಂಡದ ಮಾಲೀಕರು 2009ರಲ್ಲಿ ದಿವಾಳಿ ಅರ್ಜಿ ಸಲ್ಲಿಸಿದರು. ಬ್ಲ್ಯಾಕ್‌ಬೆರಿ ಫೋನಿನ ಕಂಪನಿಯ ಜಿಮ್ ಬಾಲ್ಸಿಲಿ 21.25 ಕೋಟಿ ಡಾಲರ್ ಕೊಟ್ಟು ತಂಡವನ್ನು ಕೆನಡಾದ ಹ್ಯಾಮಿಲ್ಟನ್ ನಗರಕ್ಕೆ ಒಯ್ಯಲು ಮುಂದೆ ಬಂದರು. ತಂಡ ಎಲ್ಲಿರಬೇಕು, ಯಾರದಾಗಿರಬೇಕು ಎಂಬುದನ್ನು ನಿರ್ಧರಿಸುವ ಹಕ್ಕು ತನ್ನದೆಂದು ಲೀಗ್ ಹಟ ಹಿಡಿಯಿತು. ನ್ಯಾಯಾಲಯ ಬಾಲ್ಸಿಲಿ ಅವರ ಬೇಡಿಕೆಯನ್ನು ತಿರಸ್ಕರಿಸಿತು; ಲೀಗ್ ತಾನೇ 14 ಕೋಟಿ ಡಾಲರಿಗೆ ತಂಡವನ್ನು ಕೊಂಡು 2013ರವರೆಗೆ ನಡೆಸಿತು. ಮಾರುಕಟ್ಟೆ ಹೆಚ್ಚಿನ ಬೆಲೆ ಕೂಗಿದರೂ ಮಾರದಿರುವುದು ಮೇಲ್ನೋಟಕ್ಕೆ ಅವಿವೇಕವೆನಿಸಬಹುದು. ಆದರೆ ಪ್ರದೇಶದ ಮೇಲಿನ ಹತೋಟಿ ಕೈಬಿಟ್ಟರೆ ಹೊಸ ತಂಡಕ್ಕೆ ಶುಲ್ಕ ಕೇಳುವ ಬಲವೇ ಉಳಿಯುವುದಿಲ್ಲ. ಲಾಸ್ ವೇಗಸ್ 50 ಕೋಟಿ ಡಾಲರ್ ತೆತ್ತು 2017ರಲ್ಲಿ ಆಟಕ್ಕಿಳಿಯಿತು. ಸಿಯಾಟಲ್ 65 ಕೋಟಿ ತೆತ್ತು 2021ರಲ್ಲಿ ಬಂದು ತಂಡಗಳ ಸಂಖ್ಯೆಯನ್ನು 32ಕ್ಕೇರಿಸಿತು. ಅರಿಜೋನಾದಲ್ಲಿ ಕೊನೆಗೂ ನೆಲೆ ಸಿಗದ ತಂಡದ ಆಟಗಾರರು ಮತ್ತು ಕ್ರೀಡಾ ಸ್ವತ್ತು 2024ರಲ್ಲಿ 120 ಕೋಟಿ ಡಾಲರಿನ ವ್ಯವಹಾರದಲ್ಲಿ ಸಾಲ್ಟ್ ಲೇಕ್ ಸಿಟಿಗೆ ವರ್ಗವಾದವು.

ಕೆನಡಾ ಡಾಲರ್ ಚೇತರಿಸಿಕೊಂಡಿದ್ದ 2011ರಲ್ಲಿ ಅಟ್ಲಾಂಟಾ ತಂಡ ವಿನ್ನಿಪೆಗ್ಗಿಗೆ ಸ್ಥಳಾಂತರಗೊಂಡು ಆ ನಗರದ ಹದಿನೈದು ವರ್ಷಗಳ ಕೊರಗು ನೀಗಿತು. ಕ್ವಿಬೆಕ್ ನಗರಕ್ಕೆ ಆ ಭಾಗ್ಯ ಬಂದಿಲ್ಲ. 1993ರಲ್ಲಿ ಮಾಂಟ್ರಿಯಲ್ ಗೆದ್ದ ಮೇಲೆ 2025ರವರೆಗೆ ಕೆನಡಾದ ಯಾವ ತಂಡವೂ ಕಪ್ ಎತ್ತಲಿಲ್ಲ. ಆದರೆ ಆ ದೇಶದ ಪ್ರೇಕ್ಷಕರ ಬೆಲೆ ಕುಂದಿಲ್ಲ: ಅಲ್ಲಿನ ಪ್ರಸಾರ ಹಕ್ಕಿಗೆ ರೋಜರ್ಸ್ ಕಂಪನಿ 2014ರಿಂದ ಹನ್ನೆರಡು ವರ್ಷಗಳಿಗೆ 520 ಕೋಟಿ ಕೆನಡಾ ಡಾಲರಿನ ಕರಾರು ಮಾಡಿಕೊಂಡಿತ್ತು, 2026-27ರಿಂದ ಮುಂದಿನ ಹನ್ನೆರಡು ವರ್ಷಗಳಿಗೆ 1,100 ಕೋಟಿಗೆ ಒಪ್ಪಿದೆ. ವೇತನ ಮಿತಿ 2025-26ರಲ್ಲಿ 9.55 ಕೋಟಿ ಅಮೆರಿಕನ್ ಡಾಲರಿಗೇರಿತು. 2026ರ ಸೆಪ್ಟೆಂಬರಿನಲ್ಲಿ ಮುಗಿಯಬೇಕಿದ್ದ ವೇತನ ಒಪ್ಪಂದದ ಮುಂದುವರಿಕೆಗೆ ಉಭಯ ಪಕ್ಷಗಳು 2025ರ ಜುಲೈನಲ್ಲಿಯೇ, ಯಾವ ಬೀಗಮುದ್ರೆಯೂ ಇಲ್ಲದೆ, ಅನುಮೋದನೆ ನೀಡಿದವು. ಅದರ ಅವಧಿ 2030ರವರೆಗೆ.